ರವಿವಾರ ಯಾರದು?

ಕಳೆದ ವಾರ ನಮ್ಮ ಸಮಿತಿಯ ಸಭೆಯಲ್ಲಿ ನನ್ನ ಮೇಲೊಂದು ಆಪಾದನೆ ಬಂದಿತು. ಆಪಾದನೆ ಹೊರಿಸಿದವರು ವಯಸ್ಸಿನಲ್ಲಿಯೂ ಚಳವಳಿಯಲ್ಲಿಯೂ ನನಗಿಂತ ಹಿರಿಯರು. “ಗೋವಿನಜೋಳದ ದರ ನೆಲಾ ಕಚ್ಚೇತಿ, ಗಿರಣಿಯೊಳಗ ಪಗಾರದ ಮಾತು ಅರ್ಧಕ್ಕ ನಿಂತೇತಿ. ಇಂಥಾದ್ರಾಗ ನಮ್ಮ ಮಾಸ್ತರು ದುಡಿಯೋ ಮಂದೀನ್ನ ಕಟಿಗೊಂಡು ಸಾಯಕಲ್ಲ ಮ್ಯಾಲೆ ಗುಡಿ ಗುಂಡಾರ ನೋಡಾಕ ಹೋಗಿದ್ದರಂತ!” ಎಂದರು. ಸಭೆ ನಕ್ಕಿತು, ನಾನೂ ನಕ್ಕೆ. ಆಗ ಉತ್ತರ ಹೇಳಲು ವೇಳೆಯಿರಲಿಲ್ಲ. ಚರ್ಚೆಗೆ ಇನ್ನೂ ಏಳು ಸಂಗತಿಗಳಿದ್ದವು. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ವಾಚಕರೇ ತೀರ್ಪು ಕೊಡಲಿ.

ಮೊದಲು ಅಪರಾಧದ ವಿವರ. ಒಂದು ಶನಿವಾರ ರಾತ್ರಿ ಹಿರೇಕೆರೂರಿನಲ್ಲಿ ಸಭೆಯಿತ್ತು. ಆ ಕಡೆ ಖಾಲಿ ಹೊರಟಿದ್ದ ಟೆಂಪೋದಲ್ಲಿ ಸೈಕಲ್ಲುಗಳನ್ನು ಹಾಕಿಕೊಂಡು ಹೋಗಿದ್ದೆವು. ಮರುದಿನ ಬೆಳಗಿನ ಜಾವ ಅಲ್ಲಿಂದ ಹೊರಟು ತಿಳವಳ್ಳಿ, ಹಾನಗಲ್ಲು, ಬಂಕಾಪುರ ಹಾಯ್ದು ದೀಪ ಹಚ್ಚುವ ಹೊತ್ತಿಗೆ ಸವಣೂರು ಮುಟ್ಟಿದೆವು. ಹೆಚ್ಚು ಕಡಿಮೆ ನೂರು ಕಿಲೋಮೀಟರು. ನಾವು ನಾಲ್ವರು: ಹತ್ತಿ ಜಿನ್ನಿಂಗ್ ಗಿರಣಿಯ ಕೂಲಿಕಾರನೊಬ್ಬ, ಅಕ್ಕಿ ಗಿರಣಿಯ ಹಮಾಲನೊಬ್ಬ, ನಮ್ಮ ಓಣಿಯ ಕಿರಾಣಿ ಅಂಗಡಿಯವರು, ಮತ್ತು ನಾನು. ಗೇರಿನ ಸೈಕಲ್ಲು ಒಂದೂ ಇರಲಿಲ್ಲ. ನನ್ನದು ಮಾಸ್ತರಿಕೆಯ ಕಾಲದ ಅಟ್ಲಾಸು. ಅದನ್ನು ಮಾಡುತ್ತಿದ್ದ ಸಾಹಿಬಾಬಾದಿನ ಕಾರ್ಖಾನೆ 2020ರ ಜೂನ್ 3ರಂದು, ಜಗತ್ತೆಲ್ಲ ಸೈಕಲ್ ದಿನ ಆಚರಿಸುತ್ತಿದ್ದಾಗ, ಕೆಲಸ ನಿಲ್ಲಿಸಿ ಕೂಲಿಕಾರರನ್ನು ಮನೆಗೆ ಕಳಿಸಿತು. ಸೈಕಲ್ಲು ಮಾತ್ರ ಇನ್ನೂ ಓಡುತ್ತಿದೆ.

ಈ ಒಂದು ದಿನಕ್ಕೆ ನನ್ನ ಸಂಗಡಿಗರು ಕೊಟ್ಟ ಬೆಲೆಯನ್ನು ಹೇಳಬೇಕು. ಹತ್ತಿಯ ಸುಗ್ಗಿಯಲ್ಲಿ ಜಿನ್ನಿಂಗ್ ಗಿರಣಿ ರವಿವಾರವೂ ನಡೆಯುತ್ತದೆ. ಹೋದವನಿಗೆ ಕೂಲಿ, ಹೋಗದವನಿಗೆ ಇಲ್ಲ. “ಒಂದ ದಿನ ಬಿಟ್ಟರ ಮುಂದಿನ ವಾರ ಕರೀತಾರೋ ಇಲ್ಲೋ” ಎಂಬ ಅಂಜಿಕೆ ಬೇರೆ. ಅಂಗಡಿಯವರ ಪಾಡು ಬೇರೆ ತರಹದ್ದು. ಅವರ ಮೇಲೆ ಮಾಲಕನಿಲ್ಲ, ಆದರೆ ಇಪ್ಪತ್ತು ವರುಷಗಳಲ್ಲಿ ಮನೆಯ ಸಾವು, ಲಗ್ನ ಬಿಟ್ಟರೆ ಕದ ಮುಚ್ಚಿದ್ದೇ ಇಲ್ಲವಂತೆ. ಮುಚ್ಚಿದರೆ ಗಿರಾಕಿ ಎದುರಿನ ಅಂಗಡಿಗೆ ಹೋಗುತ್ತಾನೆ. ಒಮ್ಮೆ ಹೋದ ಉದ್ರಿ ಗಿರಾಕಿ ಬಾಕಿ ಸಮೇತ ಹೋಗುತ್ತಾನೆ. ಹಿಂದಿನ ರಾತ್ರಿ ಹನ್ನೊಂದಕ್ಕೆ ಕೂಡ ಅವರು “ನಾ ಬರೂದಿಲ್ರಿ ಮಾಸ್ತರ” ಎಂದಿದ್ದರು. ನಾಲ್ಕೂವರೆಗೆ ಎಲ್ಲರಿಗಿಂತ ಮೊದಲು ಎದ್ದು ಚೈನಿಗೆ ಎಣ್ಣೆ ಬಿಡುತ್ತ ಕೂತಿದ್ದರು.

ಹಿರಿಯ ಸಂಗಾತಿಗಳು ಕೇಳಬೇಕಾದ ಪ್ರಶ್ನೆ ಇದು: ಒಂದು ರವಿವಾರ ತನ್ನದೆನ್ನಲು ದುಡಿಯುವವನು ಇಷ್ಟು ಅಂಜಬೇಕೆ? 1886ರಲ್ಲಿ ಶಿಕಾಗೋದ ಕೂಲಿಕಾರರು ಎಂಟು ತಾಸಿನ ದುಡಿಮೆಗಾಗಿ ಹೋರಾಡಿದ್ದನ್ನು ನಾವು ಪ್ರತಿ ಮೇ ದಿನಕ್ಕೆ ಭಾಷಣದಲ್ಲಿ ಹೇಳುತ್ತೇವೆ. ಎಂಟು ತಾಸು ಕೆಲಸಕ್ಕೆ, ಎಂಟು ತಾಸು ನಿದ್ದೆಗೆ. ಉಳಿದ ಎಂಟು ತಾಸು ಏತಕ್ಕೆಂದು ಅವರು ಕೇಳಿದ್ದರೆಂಬುದನ್ನು ನಾವು ಅಷ್ಟು ಒತ್ತಿ ಹೇಳುವುದಿಲ್ಲ. ಆ ಎಂಟು ತಾಸು ಅವರದೇ, ತಮಗೆ ಬೇಕಾದಂತೆ ಕಳೆಯಲಿಕ್ಕೆ. ನಮ್ಮಲ್ಲಿ 1948ರ ಕಾರ್ಖಾನೆ ಕಾಯಿದೆ ವಾರಕ್ಕೆ 48 ತಾಸಿನ ಮಿತಿಯನ್ನೂ ಒಂದು ದಿನದ ಬಿಡುವನ್ನೂ ಬರೆದುಕೊಟ್ಟಿತು. 2023ರ ಫೆಬ್ರುವರಿಯಲ್ಲಿ ನಮ್ಮದೇ ವಿಧಾನಮಂಡಲ, ವಾರದ 48 ತಾಸನ್ನು ಹಾಗೆಯೇ ಇಟ್ಟು, ದಿನಕ್ಕೆ 12 ತಾಸಿನವರೆಗೆ ದುಡಿಸಲು ದಾರಿ ಮಾಡಿತು. 2025ರ ನವೆಂಬರ್ 21ರಂದು ಹಳೆಯ 29 ಕಾಯಿದೆಗಳ ಜಾಗದಲ್ಲಿ ನಾಲ್ಕು ಸಂಹಿತೆಗಳು ಬಂದವು. ಕಾಗದದ ಮೇಲೆ ವಾರದ ರಜೆ ಉಳಿದಿದೆ. ಆದರೆ ಹನ್ನೆರಡು ತಾಸು ನಿಂತು ದುಡಿದವನಿಗೆ ರಜೆಯ ದಿನ ಮಲಗುವುದರಲ್ಲೇ ಹೋಗುತ್ತದೆ. ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ ಸುಗ್ಗಿಯ ಕೂಲಿಕಾರನಿಗೆ ಆ ಕಾಗದವೂ ಇಲ್ಲ.

ಇನ್ನು ಸೈಕಲ್ಲಿನ ಮಾತು. ಸಮಾಜವಾದಿಗಳು ಸೈಕಲ್ಲು ಹತ್ತಿ ತಿರುಗಿದ್ದು ನನ್ನಿಂದ ಸುರುವಾದದ್ದಲ್ಲ. ಇಂಗ್ಲಂಡಿನಲ್ಲಿ ರಾಬರ್ಟ್ ಬ್ಲ್ಯಾಚ್‌ಫರ್ಡರ ‘ಕ್ಲಾರಿಯನ್’ ಎಂಬ ಸಮಾಜವಾದಿ ವಾರಪತ್ರಿಕೆಯಿತ್ತು. ಅದರ ಓದುಗರು ಕೆಲವರು 1894ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಸೈಕಲ್ ಸಂಘ ಕಟ್ಟಿದರು. ರಜೆಯ ದಿನ ಹೊಗೆ ತುಂಬಿದ ಊರು ಬಿಟ್ಟು ಹಳ್ಳಿಗಾಡಿಗೆ ಹೋಗುವರು, ಹೋದಲ್ಲಿ ಪತ್ರಿಕೆ ಹಂಚುವರು. ಜರ್ಮನಿಯಲ್ಲಿ 1896ರಲ್ಲಿ ಹುಟ್ಟಿದ ಕಾರ್ಮಿಕರ ಸೈಕಲ್ ಸಂಘವಂತೂ ಲಕ್ಷಗಟ್ಟಲೆ ಸದಸ್ಯರ ಸಂಸ್ಥೆಯಾಗಿ ಬೆಳೆಯಿತು. 1933ರಲ್ಲಿ ಹಿಟ್ಲರನ ಸರಕಾರ ಅದನ್ನು ಮುಚ್ಚಿಸಿತು. ಕೂಲಿಕಾರರು ಒಟ್ಟಾಗಿ ಹಾಡುತ್ತ ಸೈಕಲ್ ತುಳಿಯುವುದೂ ಆ ಮಹಾಶಯನಿಗೆ ಅಪಾಯವೆಂದು ತೋರಿತ್ತು! ನಮ್ಮ ಲೋಹಿಯಾ ಅವರು ರಾಜಕಾರಣದ ನಡುವೆಯೇ ಶಿಲ್ಪಗಳನ್ನು ನೋಡಿ, ಕಲ್ಲಿನ ಅರ್ಥವೇನೆಂದು ಚಿಂತಿಸಿ ಬರೆದವರು. ಕಾಗೋಡಿನ ಗೇಣಿದಾರರ ಸತ್ಯಾಗ್ರಹಕ್ಕೆಂದು 1951ರಲ್ಲಿ ಸಾಗರಕ್ಕೆ ಬಂದು ಬಂಧನಕ್ಕೊಳಗಾದವರೂ ಅವರೇ. ಒಂದು ಕೆಲಸ ಇನ್ನೊಂದಕ್ಕೆ ಅಡ್ಡಿಯಾಗಲಿಲ್ಲ.

ಹಿರೇಕೆರೂರು ಬಿಟ್ಟಾಗ ದುರ್ಗಾದೇವಿ ಕೆರೆಯ ಮೇಲೆ ಮಂಜಿತ್ತು. ಹಿರಿಯ ಕೆರೆಯ ಊರೆಂದು ಹೆಸರೇ ಹೇಳುತ್ತದೆ. ಇದೇ ನಾಡಿನಲ್ಲಿ ಕುಮುದ್ವತಿಗೆ ಅಡ್ಡಲಾಗಿ ಎರಡು ಗುಡ್ಡಗಳ ನಡುವೆ ಏರಿ ಕಟ್ಟಿದ ಮದಗ-ಮಾಸೂರಿನ ಕೆರೆಯೂ ಇದೆ, ವಿಜಯನಗರದ ಕಾಲದ್ದು. ಶಾಲೆಯಲ್ಲಿ ನಾನು ಹತ್ತು ವರುಷ “ಅರಸರು ಕೆರೆ ಕಟ್ಟೆ ಕಟ್ಟಿಸಿದರು” ಎಂದು ಹಲಗೆಯ ಮೇಲೆ ಬರೆದು ಮಕ್ಕಳಿಂದ ಬಾಯಿಪಾಠ ಮಾಡಿಸಿದವನು. ಅರಸನ ಕೈಯಲ್ಲಿ ಬುಟ್ಟಿ ಇರಲಿಲ್ಲವೆಂದು ಒಬ್ಬ ಹುಡುಗನೂ ಕೇಳಲಿಲ್ಲ. ಕೇಳಿದ್ದರೆ ನಾನೇ ಗದರಿಸಿ ಕೂಡಿಸುತ್ತಿದ್ದೆನೇನೋ. ಮಣ್ಣು ಕಡಿದವರು, ಹೊತ್ತವರು, ಏರಿ ತುಳಿದವರು ಎಷ್ಟು ಜನ, ಅವರಿಗೆ ಕೂಲಿ ಸಿಕ್ಕಿತೋ ಬಿಟ್ಟಿ ಹಿಡಿದು ದುಡಿಸಿದರೋ, ನಮ್ಮ ಪಠ್ಯಪುಸ್ತಕ ಹೇಳಲಿಲ್ಲ.

ಚಿಕ್ಕೇರೂರು ದಾಟಿದ ಮೇಲೆ ಬಿಸಿಲೇರಿತು. ದಾರಿಯುದ್ದಕ್ಕೂ ಡಾಂಬರಿನ ಒಂದು ಬದಿಗೆ ಗೋವಿನಜೋಳ ಹರವಿದ್ದರು. ಒಣಹಾಕಲು ಕಣವಿಲ್ಲ, ಆದ್ದರಿಂದ ಸರಕಾರದ ರಸ್ತೆಯೇ ಕಣ. ಕಾಳಿನ ಕಾವಲಿಗೆ ಕೂತಿದ್ದ ಅಜ್ಜನೊಬ್ಬ ನಮ್ಮನ್ನು ತಡೆದು ಯಾವ ಊರು, ಏನು ಸಮಾಚಾರ ಎಂದು ಕೇಳಿದ. 2025-26ಕ್ಕೆ ಕೇಂದ್ರ ಸರಕಾರ ಹೇಳಿದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. “ಆ ಬೆಲಿ ಪೇಪರ್‌ನ್ಯಾಗ ಐತಿ ತಮ್ಮಾ, ಪ್ಯಾಟಿಯೊಳಗ ಇಲ್ಲ” ಎಂದ. ಸಭೆಯಲ್ಲಿ ಹಿರಿಯರು ಎತ್ತಿದ ಗೋವಿನಜೋಳದ ವಿಚಾರವನ್ನು ನಾವು ಆ ಅಜ್ಜನೊಡನೆ ಅರ್ಧ ತಾಸು ಮಾತಾಡಿದೆವು, ರಸ್ತೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತು. ಕಿರಾಣಿ ಅಂಗಡಿಯವರು ಅಡತಿ, ದಲಾಲಿ, ತೂಕದಲ್ಲಿ ಹೋಗುವ ಕಡತಗಳ ಲೆಕ್ಕವನ್ನು ಅಜ್ಜನಿಗೆ ನನಗಿಂತ ಚೆನ್ನಾಗಿ ಬಿಡಿಸಿ ಹೇಳಿದರು. ಜೀಪಿನಲ್ಲಿ ಹೋದ ಪ್ರಚಾರಕನಿಗೆ ಆ ಅಜ್ಜ ಕೈ ಅಡ್ಡ ಹಾಕುತ್ತಿರಲಿಲ್ಲ.

ತಿಳವಳ್ಳಿಯ ಶಾಂತೇಶ್ವರ ಗುಡಿಯ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ. ಅಲ್ಲಿಂದ ಹಾನಗಲ್ಲಿನ ದಾರಿಯಲ್ಲಿ ಕೊಯ್ಲಾದ ಭತ್ತದ ಗದ್ದೆಗಳು, ನಡುನಡುವೆ ಅಡಿಕೆ ತೋಟಗಳು, ಮಾವಿನ ಮರಗಳು.

ಹಾನಗಲ್ಲಿನ ಬಗ್ಗೆ ನಿಧಾನವಾಗಿ ಬರೆಯಬೇಕು. ಶಾಸನಗಳ ಪಾನುಂಗಲ್ಲು ಇದು. ಕದಂಬರ ಒಂದು ಶಾಖೆ ಇಲ್ಲಿಂದ ಆಳಿತು. ಜನರ ಬಾಯಲ್ಲಿ ಇದು ಪಾಂಡವರು ಅಡಗಿದ್ದ ವಿರಾಟನಗರ. 1196ರಲ್ಲಿ ಹೊಯ್ಸಳ ವೀರಬಲ್ಲಾಳ ಮುತ್ತಿಗೆ ಹಾಕಿದಾಗ ಅವನ ದಂಡು ಬೀಡು ಬಿಟ್ಟದ್ದು ಆನೆಕೆರೆಯ ಬಳಿ. ಇವೆಲ್ಲ ನಾನು ಸಂಗಡಿಗರಿಗೆ ಹೇಳಿದ ಪಾಠ. ಅವರು ನನಗೆ ಹೇಳಿದ್ದು ಬೇರೆ.

ನಮ್ಮ ಹಮಾಲ ತಾರಕೇಶ್ವರ ಗುಡಿಯ ಬಾಗಿಲಲ್ಲಿ ನಿಂತು ಒಂದು ಮಾತು ಹೇಳಿದ: “ಹದಿನೈದು ವರ್ಷ ಹಾನಗಲ್ಲ ಭತ್ತಾ ಬೆನ್ನ ಮ್ಯಾಲೆ ಇಳಿಸೀನ್ರಿ. ಹಾನಗಲ್ಲ ನೋಡಿದ್ದು ಇವತ್ತ.” ಹಾವೇರಿಯಿಂದ ಇಲ್ಲಿಗೆ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಆ ಒಂದು ತಾಸು ಹದಿನೈದು ವರುಷದಲ್ಲಿ ಅವನಿಗೆ ಸಿಗಲಿಲ್ಲ. ಪಗಾರ ಹೆಚ್ಚಿಸಿರೆಂದು ನಾವು ಬರೆದ ಹತ್ತಾರು ಮನವಿಗಳಲ್ಲಿ ಈ ಕಳವು ಎಲ್ಲಿಯೂ ನಮೂದಾಗಿಲ್ಲ.

ಒಳಗೆ ಹೋದೆವು. ಮಂಟಪದ ನಡುವೆ ತಲೆಯೆತ್ತಿದರೆ ಆ ಪ್ರಸಿದ್ಧ ಕಲ್ಲಿನ ಕಮಲ. ಎಂಟು ಮೂಲೆಯ ಛತ್ತು ಸುತ್ತು ಸುತ್ತಾಗಿ ಒಳಕ್ಕೆ ಚಾಚುತ್ತ ಮೇಲೇರಿ, ನಡುವಿನಲ್ಲಿ ದಳದಳವಾಗಿ ಕೆಳಗೆ ಇಳಿಬಿದ್ದಿದೆ. ನಾನು ಚಾಲುಕ್ಯ ಶೈಲಿ, ಹನ್ನೆರಡನೆಯ ಶತಮಾನ ಎನ್ನುತ್ತಿದ್ದೆ. ಹಮಾಲನಿಗೆ ಅದು ಬೇಕಾಗಿರಲಿಲ್ಲ. “ಇಷ್ಟು ವಜ್ಜಿ ಮ್ಯಾಲೆ ಹ್ಯಾಂಗ ಏರಿಸಿದ್ರು?” ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಅವನೇ ಸ್ವಲ್ಪ ಹೊತ್ತು ಕಂಬಗಳ ಸುತ್ತ ತಿರುಗಾಡಿ, ಒಳಗೆಲ್ಲ ಮಣ್ಣು ತುಂಬಿ ಹೊರಗಿನಿಂದ ಇಳಿಜಾರು ಮಾಡಿ ಉರುಳುಗಟ್ಟಿಗೆಗಳ ಮೇಲೆ ಎಳೆದಿರಬೇಕು, ಆಮೇಲೆ ಮಣ್ಣು ತೆಗೆದಿರಬೇಕು ಎಂದು ತೀರ್ಮಾನಿಸಿದ. ಲಾರಿಗೆ ಹಲಗೆ ಹಚ್ಚಿ ಯಂತ್ರ ಏರಿಸಿದವನ ಲೆಕ್ಕ ಅದು. ಸರಿಯೋ ತಪ್ಪೋ ಪಂಡಿತರು ಹೇಳಲಿ. ಆದರೆ ಆ ಕಲ್ಲನ್ನು ಹೊತ್ತವರ ಕಡೆಯಿಂದ ಆ ಗುಡಿಯನ್ನು ನೋಡಿದವನನ್ನು ನಾನು ಮೊದಲ ಬಾರಿ ಕಂಡೆ. ಮಾಸ್ತರಿಕೆಯಲ್ಲಿ ಮೂರು ಸಲ ಮಕ್ಕಳನ್ನು ಅಲ್ಲಿಗೆ ಕರೆದೊಯ್ದಿದ್ದೇನೆ. ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಅಂಗಳದ ವೀರಗಲ್ಲುಗಳ ಮುಂದೆ ಜಿನ್ನಿಂಗ್ ಗಿರಣಿಯವನು ಕೂತುಬಿಟ್ಟ. ನಮ್ಮ ಸೀಮೆಯ ವೀರಗಲ್ಲುಗಳೆಲ್ಲ ಸೇನಾಪತಿಗಳವಲ್ಲ. ಊರಿನ ದನಗಳನ್ನು ಕಳ್ಳರು ಹೊಡೆದುಕೊಂಡು ಹೋಗುವಾಗ ಅಡ್ಡನಿಂತು ಸತ್ತ ಸಾಮಾನ್ಯರ ಕಲ್ಲುಗಳು ಎಷ್ಟೋ ಇವೆ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು, ಮೇಲೆ ಕೈಲಾಸ. ಅವನು ಬೆರಳಿನಿಂದ ಕೆಳಗಿನ ಪಟ್ಟಿಯನ್ನಷ್ಟೇ ಸವರಿ, “ಸಾಯೂಮಟಾ ಯಾರೂ ಕೇಳಿಲ್ಲ ಬಿಡ್ರಿ ಇವಂಗ” ಎಂದ.

ಹಾನಗಲ್ಲಿನಿಂದ ಬಂಕಾಪುರಕ್ಕೆ ಹೊರಟಾಗ ಹೊತ್ತು ನೆತ್ತಿಯ ಮೇಲಿತ್ತು. ಒಂದು ಪಂಕ್ಚರು, ಎರಡು ಸಲ ಚಹಾ. ದಾರಿಯ ವಿಶೇಷವೆಂದರೆ ಸೈಕಲ್ಲಿನ ಮೇಲಿನ ಹೆಣ್ಣುಮಕ್ಕಳು. ರವಿವಾರವಾದರೂ ಮೂರು ಹುಡುಗಿಯರು ಪಾಠಕ್ಕೆಂದು ಹೊರಟಿದ್ದರು. 2006ರಲ್ಲಿ ಸುರುವಾದ ಯೋಜನೆಯಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸರಕಾರ ಸೈಕಲ್ಲು ಕೊಟ್ಟಾಗ ನಮ್ಮ ಶಾಲೆಗಳ ಹಾಜರಿ ಹೇಗಾಯಿತೆಂದು ಬಲ್ಲ ಮಾಸ್ತರುಗಳು ಬಹಳ ಜನರಿದ್ದಾರೆ. ಕೊರೊನಾದ ಹೊತ್ತಿಗೆ ಅದು ನಿಂತಿತು. ಈ ಹುಡುಗಿಯರು ತುಳಿಯುತ್ತಿದ್ದುದು ಅಕ್ಕಂದಿರ ಹಳೆಯ ಸೈಕಲ್ಲುಗಳನ್ನು.

ಬಂಕಾಪುರ ಶಿಗ್ಗಾವಿ ತಾಲೂಕಿಗೆ ಸೇರಿದ್ದು. ಕೋಟೆಯೊಳಗೆ ಈಗ ನವಿಲುಗಳ ಧಾಮವಿದೆ. ಕುರುಚಲು ಕಾಡಿನ ನಡುವೆ ನಗರೇಶ್ವರ ಗುಡಿಯ ಕಂಬಗಳು ಕಡೆಸಲೆಣ್ಣೆ ಹಚ್ಚಿದ ಹಾಗೆ ಹೊಳೆಯುತ್ತವೆ. ಅಂಗಡಿಯವರಿಗೆ ನಾನು ರನ್ನನ ಸಂಗತಿ ಹೇಳಿದೆ. ಹತ್ತನೆಯ ಶತಮಾನದಲ್ಲಿ ಅಜಿತಸೇನಾಚಾರ್ಯರೆಂಬ ಜೈನ ಗುರುಗಳು ಬಂಕಾಪುರದಲ್ಲಿದ್ದರು. ಗಂಗರ ಮಾರಸಿಂಹನು 974ರ ಸುಮಾರಿಗೆ ಇಲ್ಲಿಯೇ ಅವರ ಸನ್ನಿಧಿಯಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟ. ಆ ಅಜಿತಸೇನರ ಶಿಷ್ಯ ರನ್ನ. ಅರಸನ ಮಗನಲ್ಲ, ಪುರೋಹಿತನ ಮಗನಲ್ಲ, ಮುದುವೊಳಲಿನ ಬಳೆಗಾರರ ಮನೆಯ ಹುಡುಗ. ಬಳೆಯ ಮಲಾರ ಹೊರಬೇಕಾಗಿದ್ದವನು ಕನ್ನಡದ ದೊಡ್ಡ ಕವಿಯಾದ. “ಅಂದರ ನಮ್ಮಂಥಾ ಕಿರುಕುಳ ವ್ಯಾಪಾರಸ್ಥನ ಮಗಾನ?” ಎಂದು ಅಂಗಡಿಯವರು ಎರಡು ಸಲ ಕೇಳಿದರು. ಅವರ ಹಿರಿಯ ಮಗ ಪಿ.ಯು.ಸಿ. ಬಿಡಿಸಿಕೊಂಡು ಅಂಗಡಿಯಲ್ಲಿ ಕೂತಿದ್ದಾನೆ. ಆ ಮೇಲೆ ಸವಣೂರಿನವರೆಗೂ ಅವರು ಹೆಚ್ಚು ಮಾತಾಡಲಿಲ್ಲ.

ಇದೇ ತಾಲೂಕಿನ ಬಾಡದಲ್ಲಿ ಕನಕದಾಸರು ಹುಟ್ಟಿದರು. ರಾಗಿಗೂ ಭತ್ತಕ್ಕೂ ಜಗಳ ಹಚ್ಚಿ, ಶ್ರೀರಾಮನ ಒಡ್ಡೋಲಗದಲ್ಲಿ ಬಡವರ ಕಾಳಾದ ರಾಗಿಯನ್ನು ಗೆಲ್ಲಿಸಿದವರು. ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿದ ಷರೀಫ ಸಾಹೇಬರು ಕಳಸದ ಗೋವಿಂದ ಭಟ್ಟರನ್ನು ಗುರುವೆಂದರು. ಅವರೂ ಕೆಲಕಾಲ ಶಾಲೆಯ ಮಾಸ್ತರರಾಗಿದ್ದು ಬಿಟ್ಟವರೇ. ಆ ಒಂದು ಅಂಶದಲ್ಲಿ ಮಾತ್ರ ನನಗೂ ಅವರಿಗೂ ಹೋಲಿಕೆ. ಹಿಂದೂ ಮುಸಲ್ಮಾನರ ಹೆಸರಿನಲ್ಲಿ ಊರುಗಳನ್ನು ಒಡೆಯುವವರು ಚುನಾವಣೆಗೊಮ್ಮೆ ಈ ತಾಲೂಕಿಗೂ ಬರುತ್ತಾರೆ. ಅವರನ್ನು ಎದುರಿಸಲು ನಾವು ದೂರದ ಪುಸ್ತಕಗಳಿಂದ ಮಾತು ತರುತ್ತೇವೆ, ಹತ್ತು ಮೈಲಿನೊಳಗಿನ ಮನುಷ್ಯನನ್ನು ಮರೆಯುತ್ತೇವೆ.

ಹೆದ್ದಾರಿ ದಾಟಿ ಸವಣೂರು ಹೊಕ್ಕೆವು. 1948ರವರೆಗೆ ನವಾಬರ ಸಂಸ್ಥಾನ. ಕವಿ ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಹುಟ್ಟಿದ ಊರು. ಎಲೆಗೂ ಖಾರಕ್ಕೂ ಹೆಸರಾದದ್ದು. ದೊಡ್ಡ ಹುಣಸೆ ಮರಗಳನ್ನು ನೋಡಲು ಹೋದೆವು. ಹುಣಸೆಯಲ್ಲ, ಆಫ್ರಿಕಾದ ಬಾವೊಬಾಬ್ ಜಾತಿಯ ಮರಗಳು. ನಾಲ್ವರೂ ಕೈ ಚಾಚಿದರೂ ಬುಡ ತಬ್ಬಲು ಎಟುಕಲಿಲ್ಲ. 2023ರ ಮಳೆಗಾಲದಲ್ಲಿ ಇವುಗಳಲ್ಲೊಂದು ಬುಡಮೇಲಾಗಿ ಬಿದ್ದಾಗ ಅದನ್ನು ಎತ್ತಿ ಮತ್ತೆ ನೆಟ್ಟರು. ಒಳ್ಳೆಯ ಕೆಲಸ.

ಇದೇ ಊರಿನಲ್ಲಿ 2010ರ ಜುಲೈಯಲ್ಲಿ ನಡೆದದ್ದನ್ನು ಮರದ ಕೆಳಗೆ ಕೂತು ನೆನೆದೆವು. ಊರಿನ ಮಲ ಎತ್ತುತ್ತ ಬದುಕಿದ್ದ ಭಂಗಿ ಸಮುದಾಯದವರನ್ನು, ವ್ಯಾಪಾರ ಮಳಿಗೆ ಕಟ್ಟಬೇಕೆಂದು, ತಲೆಮಾರುಗಳಿಂದ ಇದ್ದ ಜಾಗದಿಂದ ಎಬ್ಬಿಸಲು ಹೊರಟಾಗ, ಅವರು ಪುರಸಭೆಯ ಮುಂದೆ ಅದೇ ಮಲವನ್ನು ಮೈಮೇಲೆ ಸುರಿದುಕೊಂಡು ನಿಂತರು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ, 1970ರ ದಶಕದಲ್ಲಿಯೇ, ಈ ರಾಜ್ಯದಲ್ಲಿ ನಿಷೇಧಿಸಿಯಾಗಿತ್ತು. ಬಳಿಕ 1993ರಲ್ಲಿ ದೇಶಕ್ಕೇ ಒಂದು ಕಾಯಿದೆ ಬಂದಿತ್ತು. ಸವಣೂರಿನ ಆ ಸುದ್ದಿ ಓದಿದ ದಿನ ನಾನು ತರಗತಿಯಲ್ಲಿ ನಾಗರಿಕ ಶಾಸ್ತ್ರದ ಪಾಠ ಮಾಡಲಾರದೆ ಮಕ್ಕಳಿಗೆ ಶುದ್ಧಬರಹ ಬರೆಯಲು ಹೇಳಿ ಕೂತಿದ್ದೆ. ನಾನು ಮಾಸ್ತರಿಕೆ ಬಿಟ್ಟದ್ದಕ್ಕೆ ಕಾರಣ ಕೇಳುವವರಿಗೆ ಬೇರೆ ಬೇರೆ ಉತ್ತರ ಕೊಟ್ಟಿದ್ದೇನೆ; ಆ ದಿನವೂ ಅವುಗಳಲ್ಲೊಂದು. ನವಾಬರ ಊರನ್ನು, ಮರಗಳನ್ನು ನೋಡಲು ಬಂದವರು ಪುರಸಭೆಯ ಮುಂದಿನ ಆ ಜಾಗವನ್ನೂ ನೋಡಿ ಹೋಗಬೇಕು. ನಾವು ನೋಡಿದೆವು.

ಹಿರಿಯರ ಆಪಾದನೆಗೆ ಇದು ನನ್ನ ಉತ್ತರ. ಆದರೆ ಇನ್ನೊಂದು ಆಪಾದನೆಗೆ ನನ್ನಲ್ಲಿ ಉತ್ತರವಿಲ್ಲ. ರಾತ್ರಿ ಎಲೆಯ ಪೆಂಡಿ ಹೇರಿದ ಟೆಂಪೋದಲ್ಲಿ ಹಾವೇರಿಗೆ ಬಂದು ಜಿನ್ನಿಂಗ್ ಗಿರಣಿಯವನನ್ನು ಮನೆ ಮುಟ್ಟಿಸಿದಾಗ, ಅವನ ಹೆಂಡತಿ ನೀರು ಕೊಟ್ಟು, ಹೊಸ್ತಿಲಲ್ಲಿ ನಿಂತು ಹೇಳಿದರು: “ನಿಮಗ ರವಿವಾರರ ಐತ್ರಿ ಮಾಸ್ತರ. ನಮಗ ಯಾವ ವಾರ ಐತಿ?” ಅವರೂ ಅದೇ ಗಿರಣಿಯಲ್ಲಿ ಹತ್ತಿ ಆರಿಸುತ್ತಾರೆ. ಆ ರವಿವಾರ ಗಂಡ ಬಿಟ್ಟ ಕೂಲಿಯನ್ನು ತುಂಬಲು ಅವರು ಒಂದೂವರೆ ಪಾಳಿ ದುಡಿದು ಬಂದಿದ್ದರು. ಇದನ್ನು ಗಂಡ ನಮಗೆ ಹೇಳಿರಲಿಲ್ಲ. ಬಹುಶಃ ಅವನಿಗೂ ಗೊತ್ತಿರಲಿಲ್ಲ.

ಮುಂದಿನ ತಿಂಗಳ ಮೂರನೆಯ ರವಿವಾರ ಅಬಲೂರು, ಮಾಸೂರುಗಳ ಕಡೆಗೆ ಹೋಗುವ ವಿಚಾರವಿದೆ, ಏಕಾಂತದ ರಾಮಯ್ಯನ, ಸರ್ವಜ್ಞನ ಸೀಮೆಗೆ. ಈ ಸಲ ಮನೆಯವರೂ ಬರುವಂತೆ ಒಂದು ಟೆಂಪೋ ಗೊತ್ತು ಮಾಡುತ್ತಿದ್ದೇವೆ. ಅಂದಿನ ಅಡಿಗೆ ಗಂಡಸರದು. ಜಿನ್ನಿಂಗ್ ಗಿರಣಿಯ ಹೆಣ್ಣುಮಕ್ಕಳಿಗೆ ಆ ದಿನದ ಕೂಲಿ ಸಹಿತ ರಜೆ ಕೊಡಬೇಕೆಂದು ಬರೆದ ಮನವಿ ಪಕ್ಷದ ಕಚೇರಿಯಲ್ಲಿದೆ. ಸಹಿ ಮಾಡುವವರು ಸಂಜೆ ಆರರ ನಂತರ ಬರಬೇಕು. ಆಪಾದಿಸಿದ ಹಿರಿಯರು ಮೊದಲನೆಯ ಸಹಿ ಹಾಕಿದ್ದಾರೆ. ತಮ್ಮ ಸೈಕಲ್ಲಿನ ಹಿಂದಿನ ಟಾಯರು ಸವೆದಿದೆಯೆಂದೂ ಹೇಳಿದ್ದಾರೆ.